ಮಾವ ತೂಗಿ ನೋಡಿದ ಕ್ಯಾಬಿನೆಟ್

ಹೋದ ವಾರ ಘಣಸೋಲಿಯ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬಳು ಹೊಸ ಮದರ್‌ಬೋರ್ಡಿನ ಡಬ್ಬಿಯನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಸ್ವಂತ ಕೈಯಿಂದ ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಟವರೆಲ್ಲ ಈಗ ನನ್ನ ಹತ್ತಿರ ಬರುತ್ತಾರೆ. ಒಂದು ಸಲ ಜೋಡಿಸಿದ ತಪ್ಪಿಗೆ ನಾನು ಪಂಡಿತೆಯಾಗಿಬಿಟ್ಟಿದ್ದೇನೆ. ಅವಳು ಹೊಳೆಯುವ ಬೂದು ಬಣ್ಣದ ಚೀಲವನ್ನು ಬಿಚ್ಚಿದಳು. ಹೊಸ ಪ್ಲಾಸ್ಟಿಕ್ಕು, ರಾಳ, ಲೋಹ ಎಲ್ಲ ಬೆರೆತಂಥ ಒಂದು ವಾಸನೆ ಬಂತು. ನನ್ನ ಡಬ್ಬಿಯ ಉಪ್ಪಿನಕಾಯಿಯನ್ನೂ ಮೀರಿ ಅದು ಮೂಗಿಗೆ ಬಡಿಯಿತು. ಡೊಂಬಿವಲಿಯ ಮನೆ, ಮದುವೆಯಾದ ಮೊದಲ ಮಳೆಗಾಲ, ಮಾವನ ಒದ್ದೆ ಛತ್ರಿ ಎಲ್ಲ ಒಟ್ಟಿಗೇ ನೆನಪಾದವು. ಆವತ್ತು ನಾನು ಊಟ ಅರ್ಧಕ್ಕೇ ಬಿಟ್ಟೆ.

ನಾನು ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ. ಅಪ್ಪ ಕಲಬುರಗಿ ಕಡೆಯಿಂದ ಬಂದು ಗೋದಾಮಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದವನು, ಮುಂದೆ ಅಲ್ಲೇ ಹಮಾಲರ ಮೇಲಿನ ಮುಕಾದಮನಾದ. ನಮ್ಮದು ಒಂದೇ ಕೋಣೆಯ ಮನೆ, ಆದರೆ ಎಲ್ಲರದೂ ಬಯಲಲ್ಲಿ ಕೂಗುವಂಥ ದನಿ. ಬೈಗುಳವಿಲ್ಲದೆ ನಮ್ಮಲ್ಲಿ ಊಟ ಇಳಿಯುತ್ತಿರಲಿಲ್ಲ. ಅವ್ವ ರೊಟ್ಟಿ ಬಡಿಯುತ್ತಾ ಬೈಯುವಳು, ಅಪ್ಪ ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ಬೈಯುವನು, ನಾನೂ ತಮ್ಮನೂ ಸೈಬರ್ ಕೆಫೆಯಲ್ಲಿ ಕಾರಿನ ರೇಸು ಆಡಿ ತಡವಾಗಿ ಬಂದದ್ದಕ್ಕೆ ಇಬ್ಬರೂ ಸೇರಿ ಬೈಯುವರು. ಬೈದು ಮುಗಿದ ಮೇಲೆ ಎಲ್ಲರೂ ಒಂದೇ ತಟ್ಟೆಗೆ ಕೈ ಹಾಕುತ್ತಿದ್ದೆವು.

ನನ್ನ ಗಂಡ ಪ್ರಸಾದನದು ಬೇರೆಯೇ ಮನೆ. ನಾವಿಬ್ಬರೂ ಒಂದೇ ಆಫೀಸಿನಲ್ಲಿ ಪರಿಚಯವಾಗಿ, ಇಷ್ಟಪಟ್ಟು ಮದುವೆಯಾದವರು. ಅವನ ಮನೆಯವರು ಉಡುಪಿ ಕಡೆಯವರು, ಮನೆಮಾತು ತುಳು. ಮಾವ ಠಾಣೆಯ ಒಂದು ಹೋಟೆಲಿನಲ್ಲಿ ಜೀವಮಾನವಿಡೀ ದುಡಿದು ಮ್ಯಾನೇಜರಾಗಿ ನಿವೃತ್ತರಾಗಿದ್ದರು. ಮದುವೆಗೆ ಯಾರೂ ತಕರಾರು ತೆಗೆಯಲಿಲ್ಲ. ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಂಡರು. ಕಷ್ಟವಿದ್ದದ್ದೇ ಅಲ್ಲಿ. ನಾನು ಹಾಲ್‌ಗೆ ಕಾಲಿಟ್ಟರೆ ಅಲ್ಲಿಯವರೆಗೆ ಭರಭರನೆ ಹರಿಯುತ್ತಿದ್ದ ತುಳು ಗಪ್ಪನೆ ನಿಲ್ಲುತ್ತಿತ್ತು, ಅಚ್ಚುಕಟ್ಟಾದ ಕನ್ನಡ ಶುರುವಾಗುತ್ತಿತ್ತು. ಮೀನಿನ ಒಳ್ಳೆಯ ತುಂಡು ಯಾವಾಗಲೂ ನನ್ನ ತಟ್ಟೆಗೆ. ನಾನು ದೋಸೆ ಕರಕಲು ಮಾಡಿದರೆ ಅತ್ತೆ ಅದನ್ನೇ ತಾವು ಹಾಕಿಕೊಂಡು, "ಗರಿಗರಿ ಆಗಿದೆ ಮಗಾ" ಎನ್ನುತ್ತಿದ್ದರು. ನಾನೂ ಕಡಿಮೆಯವಳಲ್ಲ. ನನ್ನ ಕಲಬುರಗಿ ಮಾತನ್ನು ಬಾಯಿಯಲ್ಲೇ ಮಡಚಿಟ್ಟು, ಪುಸ್ತಕದಲ್ಲಿದ್ದಂತೆ ಮಾತಾಡುತ್ತಿದ್ದೆ.

ಅವ್ವ ಫೋನಿನಲ್ಲಿ ಕೇಳುತ್ತಿದ್ದಳು. "ಅತ್ತಿ ಬೈತಾಳೇನ?"

"ಇಲ್ಲಬೇ, ಯಾರೂ ಏನೂ ಅನ್ನಂಗಿಲ್ಲ."

"ಮತ್ತ ಮಾರಿ ಯಾಕ ಸಣ್ಣ ಮಾಡೀದಿ? ಹುಚ್ಚಿ, ಇನ್ನೇನ್ ಬೇಕ ನಿನಗ?"

ಏನು ಬೇಕೆಂದು ಅವ್ವನಿಗೆ ಹೇಗೆ ತಿಳಿಸಲಿ? ಆ ಮನೆಯಲ್ಲಿ ನಾನು ನೆಂಟಳಾಗಿದ್ದೆ. ನೆಂಟರ ಮೇಲೆ ಯಾರೂ ರೇಗುವುದಿಲ್ಲ, ನೆಂಟರೂ ಯಾರ ಮೇಲೂ ರೇಗುವುದಿಲ್ಲ. ಹೀಗೇ ನಗುನಗುತ್ತಾ ಮುದುಕಿಯಾಗಿಬಿಡುತ್ತೇನೇನೋ ಎಂದು ನಿಜಕ್ಕೂ ಹೆದರಿದ್ದೆ.

ಅಂಥದ್ದರಲ್ಲಿ ಜೂನ್ ತಿಂಗಳ ಒಂದು ರಾತ್ರಿ ಊಟಕ್ಕೆ ಕೂತಾಗ ಧೈರ್ಯ ಮಾಡಿ ಹೇಳಿದೆ, ಮದುವೆಗೆ ಮುಂಚಿನಿಂದ ಕೂಡಿಟ್ಟ ದುಡ್ಡಿನಲ್ಲಿ ಒಂದು ಗೇಮಿಂಗ್ ಕಂಪ್ಯೂಟರ್ ಮಾಡಿಕೊಳ್ಳಬೇಕು, ರೆಡಿ ಸಿಗುವುದು ದುಬಾರಿ, ಬಿಡಿಬಿಡಿಯಾಗಿ ತಂದು ನಾನೇ ಜೋಡಿಸುತ್ತೇನೆ ಎಂದು. ಅತ್ತೆ ಮಾವ ಮುಖ ಮುಖ ನೋಡಿಕೊಂಡರು. ಸೊಸೆ ಚಿನ್ನ ಕೇಳಬಹುದು, ಫ್ರಿಜ್ಜು ಕೇಳಬಹುದು. ಆಟವಾಡುವ ಯಂತ್ರ ಕೇಳುತ್ತಾಳೆಂದು ಯಾರು ಎಣಿಸಿದ್ದರು?

"ಆಯ್ತು ಮಗಾ, ನಿನ್ನ ಇಷ್ಟ" ಎಂದರು ಅತ್ತೆ.

ಯಾರಾದರೂ "ಯಾಕೆ" ಎಂದು ಕೇಳಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆದರೆ ಬೆಳಿಗ್ಗೆ ಚಹಾ ಕುಡಿಯುವಾಗ ಮಾವ ಪೇಪರಿನ ಹಿಂದಿನಿಂದಲೇ ಕೇಳಿದರು, "ಎಲ್ಲಿಂದ ತರ್ಲಿಕ್ಕೆ ಉಂಟು ಅದನ್ನೆಲ್ಲ? ಒಟ್ಟಿಗೆ ಯಾರು ಬರ್ತಾರೆ?"

"ನಾನೇ ಹೋಗ್ತೀನಿ ಮಾವ. ಪ್ರಸಾದ್‌ಗೆ ಈ ತಿಂಗಳೆಲ್ಲ ಶಿಫ್ಟ್ ಇದೆ."

"ಒಬ್ಬಳೇ ಬೇಡ. ಮಾರ್ಕೆಟಲ್ಲಿ ಟೊಪ್ಪಿ ಹಾಕ್ತಾರೆ. ನಾನು ಬರ್ತೇನೆ. ಹೋಟೆಲಿಗೆ ಪಾತ್ರೆ, ಗ್ರೈಂಡರ್ ಎಲ್ಲ ತಂದವ ನಾನು, ನನಗೆ ಗೊತ್ತುಂಟು."

ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಹೀಗೆ ಆ ಮಳೆಗಾಲದ ಶನಿವಾರಗಳು ಮಾವನ ಪಾಲಾದವು.

ಮೊದಲು ಹೋದದ್ದು ಕಾಮೋಠೆಗೆ. ನನ್ನ ಬಜೆಟ್ಟಿನಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡ್ ಕನಸಿನ ಮಾತು. ಅಲ್ಲಿಯ ಹುಡುಗನೊಬ್ಬ ಬಳಸಿದ ಕಾರ್ಡ್ ಮಾರುತ್ತಿದ್ದಾನೆಂದು ಆನ್‌ಲೈನಿನಲ್ಲಿ ನೋಡಿದ್ದೆ. ಲೋಕಲ್ ರೈಲಿನಲ್ಲಿ ಕೂತ ಕೂಡಲೇ ಮಾವ ಒಂದೊಂದರ ಕೆಲಸವನ್ನೂ ವಿಚಾರಿಸತೊಡಗಿದರು.

"ಈ ಪ್ರೊಸೆಸರ್ ಅಂದ್ರೆ ಎಂತ?"

"ಎಲ್ಲ ಲೆಕ್ಕ ಅದೇ ಮಾಡೋದು, ಎಲ್ಲರಿಗೂ ಕೆಲಸ ಹಂಚೋದು."

"ಹೆಡ್ ಕುಕ್ಕು. ಗ್ರಾಫಿಕ್ಸ್ ಕಾರ್ಡು?"

"ಪರದೆ ಮೇಲಿನ ಚಿತ್ರ ಬಿಡಿಸೋದು."

"ದೋಸೆಯವ. ಜನ ಬರುವುದೇ ಅವನಿಗಾಗಿ. ಹಾಗಾದ್ರೆ ದುಡ್ಡು ಅವನ ಮೇಲೆ ಹಾಕ್ಬೇಕು, ಕುಕ್ಕು ಸಾಧಾರಣ ಸಾಕು" ಎಂದರು. ಯೂಟ್ಯೂಬಿನಲ್ಲಿ ತಿಂಗಳುಗಟ್ಟಲೆ ನೋಡಿ ನಾನು ಕಂಡುಕೊಂಡಿದ್ದೂ ಇದನ್ನೇ. ಆದರೆ ರ‍್ಯಾಮ್ ಎಂದರೆ ವೇಟರ್ ಎಂದು ಅವರೇ ತೀರ್ಮಾನ ಮಾಡಿಬಿಟ್ಟರು. ಅದು ವೇಟರ್ ಅಲ್ಲ, ತರಕಾರಿ ಹರಡಿಕೊಳ್ಳುವ ಕಟ್ಟೆ ಎಂದು ನನಗೆ ಹೊಳೆದಿತ್ತು, ಹೇಳಲಿಲ್ಲ. ಕಿಟಕಿಯಾಚೆ ಕಡಲಿನ ಖಾಡಿಯ ನೀರು ಕೆಂಪಾಗಿ ತುಂಬಿ ನಿಂತಿತ್ತು. ಮಾವ ಅದನ್ನೇ ನೋಡುತ್ತಾ ಬೆರಳಲ್ಲಿ ವೇಟರುಗಳ ಲೆಕ್ಕ ಹಾಕುತ್ತಿದ್ದರು.

ಕಾಮೋಠೆಯ ಹುಡುಗ ಕಾರ್ಡನ್ನು ಕಂಪ್ಯೂಟರಿನಲ್ಲೇ ಹಾಕಿಟ್ಟು ಆಟ ನಡೆಸಿ ತೋರಿಸಿದ. ಚಿತ್ರ ಚೆನ್ನಾಗಿ ಬಂತು. ಸರಿ ಎಂದು ನಾನು ಪರ್ಸಿಗೆ ಕೈ ಹಾಕಿದರೆ ಮಾವ ಸೋಫಾದಲ್ಲಿ ಇನ್ನಷ್ಟು ಒರಗಿ ಕೂತರು. "ನಡೀತಾ ಇರಲಿ. ಬಿಸಿಯಾದ ಮೇಲೆ ಹೇಗಿರ್ತದೆ ಅಂತ ನೋಡುವ." ಹುಡುಗನ ತಾಯಿ ಚಹಾ ತಂದರು. ಮಾವ ಅವರೊಡನೆ ಮರಾಠಿಯಲ್ಲಿ ಕೋಕಂ ಸಾರಿನ ಮಾತು ತೆಗೆದರು, ಅಲ್ಲಿಂದ ಮೀನಿನ ದರಕ್ಕೆ ಹೋದರು, ಅಲ್ಲಿಂದ ಪನ್ವೇಲಿನ ನೀರಿನ ತೊಂದರೆಗೆ. ಪರದೆಯ ಮೇಲೆ ಕಾರು ಬೆಟ್ಟ ಹತ್ತುತ್ತಲೇ ಇತ್ತು. ಹೊರಡುವಾಗ ನಮ್ಮ ಚೀಲದಲ್ಲಿ ಕಾರ್ಡಿನ ಜೊತೆ ಒಂದು ಪೊಟ್ಟಣ ಒಣ ಕೋಕಂ ಕೂಡ ಇತ್ತು.

ಮುಂದಿನ ಶನಿವಾರ ಗ್ರಾಂಟ್ ರೋಡಿನ ಕಡೆಯ ಕಂಪ್ಯೂಟರ್ ಬಜಾರಿಗೆ ಹೋದೆವು. ಪ್ರೊಸೆಸರನ್ನು ಒಂದು ಮೆಟ್ಟಿಲು ಕೆಳಗಿನದು ತೆಗೆದುಕೊಂಡೆ, ಮದರ್‌ಬೋರ್ಡು ಯಾವ ಶೋಕಿಯೂ ಇಲ್ಲದ್ದು. ಉಳಿದ ದುಡ್ಡಿನಲ್ಲಿ ಪವರ್ ಸಪ್ಲೈ ಮಾತ್ರ ಒಳ್ಳೆಯ ಕಂಪನಿಯದೇ ಬೇಕೆಂದು ಮೊದಲೇ ನಿಶ್ಚಯಿಸಿದ್ದೆ, ಏಕೆಂದರೆ ಅದು ಸುಟ್ಟರೆ ಉಳಿದದ್ದನ್ನೂ ಸುಡುತ್ತದೆ. ರ‍್ಯಾಮಿನ ಹತ್ತಿರ ಬಂದಾಗ ಮಾವನ ಕಣ್ಣು ಬಣ್ಣಬಣ್ಣದ ದೀಪ ಮಿನುಗುವ ಒಂದು ಜೊತೆಯ ಮೇಲೆ ಬಿತ್ತು. ಗಣಪತಿ ಮಂಟಪದ ಸೀರಿಯಲ್ ಲೈಟಿನ ಮುಂದೆ ನಿಂತ ಮಗುವಿನಂತೆ ಅವರು ಅದನ್ನೇ ನೋಡುತ್ತಾ ನಿಂತರು.

"ದೀಪದಿಂದ ವೇಗ ಏನೂ ಜಾಸ್ತಿ ಆಗಲ್ಲ ಮಾವ" ಎಂದೆ ಮೆಲ್ಲಗೆ.

"ಗೊತ್ತುಂಟು. ಆದ್ರೂ ಇಷ್ಟು ಕಷ್ಟಪಟ್ಟು ತಗೊಂಡದ್ದು ನಾಲ್ಕು ಜನಕ್ಕೆ ಕಾಣಬೇಡವಾ?"

ದೀಪದ ರ‍್ಯಾಮೇ ಬಂತು. ಅದಕ್ಕಾಗಿ ಹೊಸ ಕೀಬೋರ್ಡಿನ ಆಸೆ ಬಿಟ್ಟೆ. ಕೊನೆಗೆ ಉಳಿದದ್ದು ಕ್ಯಾಬಿನೆಟ್, ಅಂದರೆ ಇವನ್ನೆಲ್ಲ ಒಳಗಿಟ್ಟು ಮುಚ್ಚುವ ಪೆಟ್ಟಿಗೆ. ಅಂಗಡಿಯವನು ಹೆಚ್ಚುಕಮ್ಮಿ ಒಂದೇ ಬೆಲೆಯ ಎರಡನ್ನು ಮುಂದಿಟ್ಟ. ಒಂದರ ಮುಂಭಾಗವಿಡೀ ಜಾಲರಿ, ತೆಳು ತಗಡು. ಇನ್ನೊಂದಕ್ಕೆ ಮುಂದೆ ದಪ್ಪ ಉಕ್ಕಿನ ಹಲಗೆ, ಕಪ್ಪು ಕನ್ನಡಿಯಂಥ ಹೊಳಪು. ಜಾಲರಿಯದೇ ಬೇಕು, ಗಾಳಿ ಆಡಬೇಕು ಎಂದು ನನಗೆ ಕಂಠಪಾಠವಾಗಿತ್ತು.

ಮಾವ ಎರಡನ್ನೂ ಎತ್ತಿ ನೋಡಿದರು. ಕಡಾಯಿ ಕೊಳ್ಳುವಾಗ ಮಾಡುವಂತೆ ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ಸದ್ದು ಕೇಳಿದರು. ಜಾಲರಿಯದು ಟಕಟಕ ಎಂದಿತು, ಉಕ್ಕಿನದು ಗಂಭೀರವಾಗಿ ಢಣ್ ಎಂದಿತು. "ಇದು ನೋಡು, ಎಂತ ಗಟ್ಟಿ ಉಂಟು! ಅದು ಬಿಸ್ಕೂಟಿನ ಡಬ್ಬಿ. ಇದನ್ನು ನಿನ್ನ ಮಕ್ಕಳ ಕಾಲಕ್ಕೂ ಇಡಬಹುದು."

"ಅಂಕಲ್ ಕೋ ಮಾಲ್ ಕೀ ಪೆಹಚಾನ್ ಹೈ" ಎಂದು ಅಂಗಡಿಯವನು, ನನ್ನ ಮುಖ ನೋಡದೆ, ಮಾಲು ಗುರುತಿಸುವ ಮಾವನ ಕಣ್ಣನ್ನು ಹೊಗಳಿದ.

ಮಾವನ ಮುಖ ಅರಳಿತ್ತು. ನಿವೃತ್ತರಾದ ಮೇಲೆ ಅವರು ಏನನ್ನಾದರೂ ಆರಿಸಿದ್ದು ಇದೇ ಮೊದಲಿರಬೇಕು. ಅಲ್ಲದೆ ಬಂದು ಕೆಲವೇ ತಿಂಗಳಾದ ಸೊಸೆ ಅಂಗಡಿಯವನ ಎದುರಿಗೆ ಮಾವನ ಮಾತು ತೆಗೆದುಹಾಕುವುದುಂಟೇ? ನಮ್ಮಪ್ಪನಾಗಿದ್ದರೆ "ನಿನಗೇನ್ ತಿಳೀತದ, ಸುಮ್ಮನಿರು" ಎಂದು ಅಲ್ಲೇ ಒದರುತ್ತಿದ್ದೆ. ಇಲ್ಲಿ "ಚೆನ್ನಾಗಿದೆ ಮಾವ" ಎಂದೆ.

ವಾಪಸು ಬರುವಾಗ ದಾದರಿನಲ್ಲಿ ಮಳೆ ಆಕಾಶಕ್ಕೆ ತೂತು ಬಿದ್ದಂತೆ ಸುರಿಯುತ್ತಿತ್ತು. ಮಾವ ನೀಲಿ ತಾಡಪಾಲಿನ ತುಂಡೊಂದನ್ನು ಕೊಂಡು ರಟ್ಟಿನ ಪೆಟ್ಟಿಗೆಗೆ ಸುತ್ತಿ, ರೈಲಿನ ಲಗೇಜ್ ಡಬ್ಬಿಗೆ ಹತ್ತಿಸಿದರು. ಹೋಟೆಲಿಗೆ ತರಕಾರಿ ತರುತ್ತಿದ್ದ ಕಾಲದಿಂದ ಆ ಡಬ್ಬಿ ಅವರಿಗೆ ಮನೆಯ ಜಗಲಿಯಷ್ಟು ಪರಿಚಯ. ಮೀನಿನ ಬುಟ್ಟಿಗಳ ನಡುವೆ ಅದನ್ನಿಟ್ಟು, ಡೊಂಬಿವಲಿಯವರೆಗೆ ತಾವೇ ಅಡ್ಡ ನಿಂತು, ಒಬ್ಬರ ಮೊಣಕೈಯೂ ತಾಗದಂತೆ ಕಾದರು. ಅವರ ಅಂಗಿ ತೊಯ್ದು ಬೆನ್ನಿಗೆ ಅಂಟಿತ್ತು.

ಭಾನುವಾರ ಹಾಲ್‌ನ ನೆಲದ ಮೇಲೆ ಎಲ್ಲ ಹರಡಿಕೊಂಡು ಜೋಡಿಸಿದೆ. ಅತ್ತೆ ಕ್ಯಾಬಿನೆಟ್ಟಿಗೆ ಕುಂಕುಮ ಇಟ್ಟರು. ಮೊದಲ ಸಲ ಗುಂಡಿ ಒತ್ತಿದಾಗ ಫ್ಯಾನು ತಿರುಗಿ, ರ‍್ಯಾಮಿನ ದೀಪ ಕೆಂಪು ನೀಲಿ ಹಸಿರಾಗಿ ಓಡಿತು. ಮಾವ ಎದುರು ಮನೆಯ ಮರಾಠಿ ಹಿರಿಯಾಕೆಯನ್ನು, ನಾವು ಕಾಕು ಎನ್ನುವವರನ್ನು, ಕರೆದು ತೋರಿಸಿದರು. ಪ್ರಸಾದ ನಿದ್ದೆಗಣ್ಣಿನಲ್ಲೇ ಬಂದು ಚಪ್ಪಾಳೆ ತಟ್ಟಿ ಮತ್ತೆ ಮಲಗಲು ಹೋದ. ಆ ಸಂಜೆ ಕಲ್ಯಾಣದಲ್ಲಿದ್ದ ತಮ್ಮನೂ ನಾನೂ ಆನ್‌ಲೈನಿನಲ್ಲಿ ಒಟ್ಟಿಗೆ ಕಾರು ಓಡಿಸಿದೆವು.

ಸಂತೋಷ ಬಹಳ ಹೊತ್ತು ಇರಲಿಲ್ಲ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಚಿತ್ರ ತಡವರಿಸುತ್ತಿತ್ತು, ಫ್ಯಾನುಗಳು ಬೊಬ್ಬೆ ಹೊಡೆಯುತ್ತಿದ್ದವು, ಆಮೇಲೆ ಎಲ್ಲ ಕಪ್ಪಾಗುತ್ತಿತ್ತು. ಒಳಗೆ ಗಾಳಿ ಹೋಗಲು ದಾರಿಯೇ ಇರಲಿಲ್ಲ. ಪಕ್ಕದ ಗಾಜಿನ ಮುಚ್ಚಳ ತೆಗೆದಿಟ್ಟರೆ ಸರಿಯಾಗುತ್ತಿತ್ತು. ಹಾಗಾಗಿ ಮಾವ ಸಂಜೆ ವಾಕಿಂಗಿಗೆ ಹೋದಾಗ ಮುಚ್ಚಳ ತೆಗೆದು ಆಡುವುದು, ಅವರು ಬರುವಷ್ಟರಲ್ಲಿ ಮುಚ್ಚಿಡುವುದು, ಹೀಗೆ ಕೆಲವು ದಿನ ದೂಡಿದೆ. ಒಂದು ದಿನ ತೆರೆದಿದ್ದ ಪೆಟ್ಟಿಗೆಯೊಳಕ್ಕೆ ಹಲ್ಲಿ ಹೊಕ್ಕಿತು. ಅದನ್ನು ಹೊರಡಿಸಲು ಪೊರಕೆ ಕಡ್ಡಿ ಹಿಡಿದು ಒದ್ದಾಡುತ್ತಿದ್ದಾಗ ಮಾವ ಮಳೆಯೆಂದು ಅರ್ಧ ದಾರಿಯಿಂದಲೇ ಮರಳಿ ಬಂದರು.

ಛತ್ರಿ ಮಡಚದೆಯೇ ಅವರು ಹತ್ತಿರ ಬಂದು, ಉಕ್ಕಿನ ಹಲಗೆಯ ಮೇಲೆ ಅಂಗೈ ಇಟ್ಟರು. ಸುಡುತ್ತಿತ್ತು. ಸುತ್ತಲೂ ತಡವಿ ನೋಡಿದರು.

"ಇದಕ್ಕೆ ಗಾಳಿ ಎಲ್ಲಿಂದ ಬರ್ತದೆ?"

ನಾನು ಪೊರಕೆ ಕಡ್ಡಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟೆ.

"ಅಂಗಡಿಯಲ್ಲೇ ನಿನಗೆ ಗೊತ್ತಿತ್ತಾ?"

ಹೌದೆಂದು ತಲೆಯಾಡಿಸಿದೆ. ಅವರು ಛತ್ರಿ ಮಡಚಿದರು. ಬಾಲ್ಕನಿಗೆ ಹೋಗಿ ಬೆನ್ನು ತಿರುಗಿಸಿ ಕೂತರು. ಮರುದಿನವೂ ಅದರ ಮರುದಿನವೂ ಊಟಕ್ಕೆ ಬಂದರು, ಉಂಡರು, ಎದ್ದರು. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ನೆಂಟಳು ಮನೆಯ ಯಜಮಾನನಿಗೆ ಮುಖಭಂಗ ಮಾಡಿದಂತಾಯಿತಲ್ಲ, ಇನ್ನು ಈ ಮನೆಯಲ್ಲಿ ಉಳಿದ ಸಲಿಗೆಯೂ ಹೋಯಿತು ಎಂದುಕೊಂಡೆ. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಒಬ್ಬಳೇ ಅತ್ತುಬಿಟ್ಟೆ. ಕಂಪ್ಯೂಟರು ಮಾರಿಬಿಡಲೇ ಎಂದು ಪ್ರಸಾದನನ್ನು ಕೇಳಿದೆ. "ಅಪ್ಪನ ಹತ್ರ ಮಾತಾಡು. ನಾನು ನಡುವೆ ಬರಲ್ಲ" ಎಂದ ಅವನು. ಆಗ ಸಿಟ್ಟು ಬಂದಿತ್ತು, ಈಗ ಅವನಿಗೂ ಋಣಿಯಾಗಿದ್ದೇನೆ.

ಆ ಭಾನುವಾರ ತಿಂಡಿ ಮುಗಿಸಿದ ಮಾವ ಕೈ ತೊಳೆದು ಬಂದು, "ಅದರ ಒಳಗಿನದ್ದೆಲ್ಲ ತೆಗೆ. ಖಾಲಿ ಡಬ್ಬಿ ಬೇಕು. ಹೊರಡುವ" ಎಂದರು. ಎಲ್ಲಿಗೆಂದು ಹೇಳಲಿಲ್ಲ. ರಿಕ್ಷಾದಲ್ಲಿ ಕ್ಯಾಬಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಎಂಐಡಿಸಿಯ ಕಾರ್ಖಾನೆಗಳ ಕಡೆಗೆ ಕರೆದುಕೊಂಡು ಹೋದರು. ಅಲ್ಲಿ ಇಸ್ಮಾಯಿಲ್ ಭಾಯಿಯ ತಗಡು ಕೆಲಸದ ಶೆಡ್ಡಿತ್ತು. ಮಾವನ ಹೋಟೆಲಿನ ಅಡುಗೆಮನೆಗೆ ಹೊಗೆ ಹೋಗುವ ಚಿಮಣಿ ಮಾಡಿಕೊಟ್ಟವನು ಅವನೇ.

"ಸೇಠ್, ಕಹಾಂ ಸೆ ಕಾಟೂಂ?" ಎಲ್ಲಿಂದ ಕತ್ತರಿಸಲಿ ಎಂದು ಕೇಳುತ್ತಾ ಅವನು ಸೀಮೆಸುಣ್ಣ ತೆಗೆದ.

"ಉಸ್ ಕೋ ಪೂಛೋ. ಮಶೀನ್ ಉಸ್ ಕಾ ಹೈ" ಅವಳನ್ನೇ ಕೇಳು, ಯಂತ್ರ ಅವಳದು ಎಂದ ಮಾವ ನನ್ನ ಕಡೆ ತಿರುಗಿದರು. "ಹೇಳು. ಈ ಸಲವೂ ಬಾಯಿಗೆ ಬೀಗ ಹಾಕಿ ನಿಂತ್ರೆ ಮತ್ತೆ ನಾನು ಜವಾಬ್ದಾರ ಅಲ್ಲ. ನಾನು ಹಳೇ ಕಾಲದ ಹೋಟೆಲಿನವ. ನನಗೆ ಗೊತ್ತಿಲ್ಲದ್ದು ನೀನು ಹೇಳದೆ ಇದ್ರೆ ನನಗೆ ಯಾರು ಹೇಳ್ತಾರೆ?"

ಅದರಲ್ಲಿ ನೋವಿತ್ತು. ಅವರು ಸೋತದ್ದಕ್ಕಲ್ಲ, ನಾನು ಅವರನ್ನು ಹೊರಗಿನವರಂತೆ ನಡೆಸಿಕೊಂಡದ್ದಕ್ಕೆ. ಅಲ್ಲಿಯವರೆಗೆ ಹೊರಗಿನವಳು ನಾನೊಬ್ಬಳೇ ಎಂದುಕೊಂಡಿದ್ದೆ. ಸೀಮೆಸುಣ್ಣ ಕೈಗೆ ತೆಗೆದುಕೊಂಡು ಗೆರೆ ಎಳೆದೆ. ಮುಂದಿನ ಹಲಗೆ ಇಷ್ಟಗಲ ಕತ್ತರಿಸಬೇಕು, ಇಲ್ಲಿ ಎರಡು ಫ್ಯಾನು ಕೂರಬೇಕು, ಧೂಳಿಗೆ ತೆಳು ಜಾಲರಿ ಬೇಕು ಎಂದೆ. ಮಾವ ಅಷ್ಟು ದೊಡ್ಡ ತೂತು ಯಾಕೆಂದು ತಕರಾರು ತೆಗೆದರು. ಯಾಕೆಂದು ನಾನು ಹೇಳಿದೆ. ಅವರು ಒಪ್ಪಲಿಲ್ಲ. ಮತ್ತೆ ಹೇಳಿದೆ. ಇಸ್ಮಾಯಿಲ್ ಭಾಯಿ ನಮ್ಮಿಬ್ಬರ ಮಾತು ಮುಗಿಯುವವರೆಗೆ ಬೀಡಿ ಸೇದಿದ. ಕೊನೆಗೆ ನನ್ನ ಗೆರೆಯ ಮೇಲೆಯೇ ಗರಗಸ ಓಡಿತು, ಕಿಡಿ ಹಾರಿತು. ಅಡುಗೆಮನೆಯ ಚಿಮಣಿಗೆ ಹಾಕುವ ಜಾಲರಿಯ ತುಂಡನ್ನು ಅವನು ಬಿಗಿದು ಕೊಟ್ಟ. ನೋಡಲು ಏನೂ ಚೆಂದವಿರಲಿಲ್ಲ.

ಮನೆಗೆ ಬಂದು ಉಕ್ಕಿನ ಪುಡಿ ಒಂದಿಷ್ಟೂ ಉಳಿಯದಂತೆ ಒರೆಸಿ, ಎಲ್ಲವನ್ನೂ ಮತ್ತೆ ಒಳಗೆ ಜೋಡಿಸಿದೆ. ಪ್ಲಗ್ ಹಾಕಿ ಗುಂಡಿ ಒತ್ತಿದೆ. ಮುಂದಿನ ಫ್ಯಾನೊಂದು ತಿರುಗಲಿಲ್ಲ. ವಯರು ಸಡಿಲವಾಗಿರಬೇಕೆಂದು ಅವಸರದಲ್ಲಿ, ಎಲ್ಲ ಚಾಲೂ ಇರುವಾಗಲೇ ಸ್ಕ್ರೂಡ್ರೈವರ್ ಹಿಡಿದು ಕೈ ಒಳಗೆ ಹಾಕಿದೆ.

"ಕೈ ದೆಪ್ಪು!" ಮಾವ ಕಿರುಚಿದರು. "ಮಂಡೆ ಸಮ ಇಜ್ಜಾ ನಿಕ್ಕ್?"

ಕೈ ತೆಗೆ, ತಲೆ ಸರಿಯಿಲ್ಲವಾ ನಿನಗೆ ಎಂದು. ಆ ಮಾತು ನನಗೆ ಅರ್ಥವಾಯಿತು. ಆಮೇಲೆ ಬಂದದ್ದು ಒಂದೂ ಅರ್ಥವಾಗಲಿಲ್ಲ. ಉಸಿರು ಬಿಡದೆ ತುಳುವಿನಲ್ಲಿ ಬೈದರು. ಕೆಂಪಾದ ಮುಖ, ಗೋಡೆಯ ಸ್ವಿಚ್ಚಿನ ಕಡೆಗೆ ಓಡಿದ ಕಾಲು. ನಡುವೆ ಗ್ರೈಂಡರ್ ಎಂಬ ಮಾತು ಎರಡು ಸಲ ಬಂತು. ಹೋಟೆಲಿನಲ್ಲಿ ಯಾರೋ ಪ್ಲಗ್ ತೆಗೆಯದೆ ಗ್ರೈಂಡರಿಗೆ ಕೈ ಹಾಕಿದ್ದನ್ನು ಅವರು ಕಣ್ಣಾರೆ ಕಂಡಿದ್ದರೆಂದು ಪ್ರಸಾದ ಆಮೇಲೆ ಹೇಳಿದ.

ನನಗೇನಾಯಿತೋ, ಮಡಚಿಟ್ಟ ಮಾತೆಲ್ಲ ಒಮ್ಮೆಲೇ ಬಿಚ್ಚಿಕೊಂಡಿತು. "ಹಂಗ್ಯಾಕ ಒದರ್ತೀರಿ? ನಾನೇನ್ ಸಣ್ಣ ಕೂಸೇನ್ರಿ? ಮಗ್ಗಲಾಗೇ ಕುಂತೀರಿ, ನೀವರ ಬಟನ್ ಬಂದ್ ಮಾಡ್ಲಿಕ್ಕೆ ಬರ್ತಿದ್ದಿಲ್ಲೇನು?"

"ನನಗೇ ಹೇಳ್ತೀಯಾ?"

"ಮತ್ತ ಯಾರಿಗೆ ಹೇಳ್ಲಿ? ನೀವೇ ಹೇಳು ಅಂದೀರಿ!"

ಅಡುಗೆಮನೆಯಿಂದ ಅತ್ತೆ ಇಬ್ಬರಿಗೂ ಸೇರಿಸಿ ತುಳುವಿನಲ್ಲಿ ಗದರಿದರು. ಮಾವ ಅವರಿಗೂ ತಿರುಗಿ ಹೇಳಿದರು. ನಾನು ನಡುವೆ ಬಾಯಿ ಹಾಕಿದೆ. ಮೂರು ದನಿಗಳು ಒಂದರ ಮೇಲೊಂದು ಏರುತ್ತಿರುವಾಗ ಬಾಗಿಲ ಗಂಟೆಯ ಸದ್ದಾಯಿತು. ಗದ್ದಲ ಕೇಳಿ ಎದುರು ಮನೆಯ ಕಾಕು ಗಾಬರಿಯಾಗಿ ಬಂದಿದ್ದರು. ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದರು. ಕಾಕು ಅವರ ಭುಜದ ಮೇಲಿಂದ ಇಣುಕಿ ನನ್ನನ್ನೂ ಮಾವನನ್ನೂ ನೋಡಿದರು.

"ಕಾಹಿ ನಾಹಿ ಹೋ" ಎಂದರು ಅತ್ತೆ, ಮಾಮೂಲಿ ದನಿಯಲ್ಲಿ. "ಆಮ್ಚಂ ಘರಾತ್ಲಂ ಭಾಂಡಣ್ ಆಹೇ."

ಏನಿಲ್ಲ, ನಮ್ಮ ಮನೆಯೊಳಗಿನ ಜಗಳ ಎಂದು ಹೇಳಿ ಅತ್ತೆ ಬಾಗಿಲು ಹಾಕಿಕೊಂಡು ಬಂದು, ಜಗಳ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸಿದರು.